ನೌಕರರ ದುಡಿಮೆಯ ವೇಳೆ ಮತ್ತು ಜಾಗ ಸಡಿಲಿಸುವುದು ಹೇಗೆ: ಬೆಳಗಾವಿಯ ಸಣ್ಣ, ಮಧ್ಯಮ ಉದ್ದಿಮೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಉದ್ಯಮಬಾಗದಲ್ಲಿರುವ ನಮ್ಮ ಕಾರ್ಖಾನೆಯ ಗೇಟಿನ ಒಳಗೆ, ಎಡಗಡೆಯ ಗೋಡೆಯ ಮೇಲೆ, ಬೆರಳಚ್ಚಿನ ಹಾಜರಿ ಯಂತ್ರವಿದೆ. ಒಂಬತ್ತು ಗಂಟೆ ಹತ್ತು ನಿಮಿಷ ದಾಟಿದ ಮೇಲೆ ಬೆರಳಿಟ್ಟರೆ ಅರ್ಧ ದಿನದ ಪಗಾರ ಕಡಿತವಾಗುವ ನಿಯಮ ಹಲವು ವರ್ಷ ನಮ್ಮಲ್ಲಿ ನಡೆದುಬಂದಿತ್ತು, ಮತ್ತು ಆಡಳಿತ ವಿಭಾಗ ನೋಡಿಕೊಳ್ಳುವ ನಾನೇ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡುತ್ತಿದ್ದೆ. ಒಂದು ದಿನ ಲೆಕ್ಕಪತ್ರ ವಿಭಾಗದ ಹೆಣ್ಣುಮಗಳೊಬ್ಬರು ಒಂಬತ್ತೂವರೆಗೆ ಬಂದು, ಯಂತ್ರದ ಹತ್ತಿರವೂ ಹೋಗದೆ ನೇರವಾಗಿ ನನ್ನ ಟೇಬಲ್ಲಿನ ಮುಂದೆ ನಿಂತರು. "ಸರ, ಇವತ್ತ ನಮ್ಮ ಓಣಿಗೆ ನೀರ ಬಿಡೋ ದಿನ ಇತ್ರಿ. ನಮ್ಮ ಅತ್ತಿಯವರಿಗೆ ಕೊಡ ಎತ್ತಾಕ ಆಗೂದಿಲ್ಲ. ಅರ್ಧಾ ದಿನದ ಸೂಟಿ ಬರಕೋರಿ, ಕೆಲಸ ಮಾತ್ರ ಪೂರ್ತಿ ಮುಗಿಸೇ ಹೋಗ್ತೀನ್ರಿ" ಎಂದರು. ಹೇಳಿದಂತೆಯೇ ಸಂಜೆ ಆರೂವರೆಯ ತನಕ ಕುಳಿತು ಬಿಲ್ಲುಗಳನ್ನೆಲ್ಲ ಮುಗಿಸಿ ಹೋದರು. ಪೂರ್ತಿ ದುಡಿದರು, ಅರ್ಧ ಪಗಾರ ಪಡೆದರು. ಆ ತಿಂಗಳ ಪಗಾರದ ಹಾಳೆಗೆ ಸಹಿ ಹಾಕುವಾಗ ನನಗೆ ನಾಚಿಕೆಯಾಯಿತು.

ನಮ್ಮ ಊರಿನ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರುತ್ತದೆ; ಉಳಿದ ಕಡೆ ಕೆಲವು ದಿನಗಳ ಅಂತರದಲ್ಲಿ ಬಿಡುತ್ತಾರೆ. ನೀರು ಬರುವ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು. ಇಷ್ಟು ಸಾಮಾನ್ಯವಾದ ಸಂಗತಿಗೆ ನಮ್ಮ ನಿಯಮದಲ್ಲಿ ಜಾಗವಿರಲಿಲ್ಲ. ಅಂದಿನಿಂದ ಹಂತ ಹಂತವಾಗಿ ನಾವು ಮಾಡಿಕೊಂಡ ವ್ಯವಸ್ಥೆಯನ್ನು, ಅದರಲ್ಲಿ ಆದ ತಪ್ಪುಗಳ ಸಮೇತ, ಇಲ್ಲಿ ಬರೆದಿದ್ದೇನೆ. ನಮ್ಮದು ಎರಕ ಹೊಯ್ದು, ಸಿಎನ್‌ಸಿ ಮತ್ತು ವಿಎಂಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಮೇಲೆ ಪಂಪು, ವಾಲ್ವುಗಳ ಬಿಡಿಭಾಗ ತಯಾರಿಸುವ, ಸುಮಾರು 130 ಜನರ ಕಾರ್ಖಾನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಮಾದರಿ ಇಂಥಲ್ಲಿಗೆ ಹೊಂದುವುದಿಲ್ಲ. ಮಾಲಕರು, ಮ್ಯಾನೇಜರರು, ಆಡಳಿತ ನೋಡಿಕೊಳ್ಳುವವರು ತಮ್ಮ ತಮ್ಮ ಜಾಗಕ್ಕೆ ತಕ್ಕಂತೆ ಇದನ್ನು ತಿದ್ದಿಕೊಳ್ಳಬಹುದು.

ಆರಂಭಕ್ಕೆ ಮುನ್ನ: ಸಲುಗೆ ಮತ್ತು ಸವಲತ್ತು

ಯಾವ ಕಾರ್ಖಾನೆಯಲ್ಲೂ ಸಡಿಲಿಕೆ ಎಂಬುದು ಇಲ್ಲವೇ ಇಲ್ಲ ಎಂದಿಲ್ಲ. ಮಾಲಕರಿಗೆ ಹತ್ತಿರದವರು ತಡವಾಗಿ ಬರುತ್ತಾರೆ. ಸೂಪರ್‌ವೈಸರ್ ಜೊತೆ ಚಹಾ ಕುಡಿಯುವವನಿಗೆ ಬೇಗ ಹೋಗಲು ಗೇಟ್ ಪಾಸ್ ಸಿಗುತ್ತದೆ. ಬಾಯಿ ಇಲ್ಲದವರು ಅರ್ಧ ದಿನದ ಪಗಾರ ಕಳೆದುಕೊಳ್ಳುತ್ತಾರೆ. ಇದಕ್ಕೆ ಸಲುಗೆ ಎನ್ನಬೇಕು. ಯಾರು ಕೇಳಿದರೂ ಒಂದೇ ಕ್ರಮದಲ್ಲಿ ಸಿಗುವ, ಕಾಗದದ ಮೇಲೆ ಬರೆದಿಟ್ಟ ಅವಕಾಶವನ್ನು ಮಾತ್ರ ಸವಲತ್ತು ಎನ್ನಬಹುದು. ನಿಮ್ಮಲ್ಲಿ ಈಗಾಗಲೇ ನಡೆದಿರುವ ಸಲುಗೆಗಳನ್ನು ಮೊದಲು ಪ್ರಾಮಾಣಿಕವಾಗಿ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ "ಇದನ್ನು ಎಲ್ಲರಿಗೂ ಕೊಡಬಹುದೇ?" ಎಂದು ಕೇಳಿಕೊಳ್ಳಿ. ಕೊಡಬಹುದಾದರೆ ಅದು ನಿಯಮವಾಗಲಿ. ಕೊಡಲಾಗದಿದ್ದರೆ ಆ ಒಬ್ಬರಿಗೂ ನಿಲ್ಲಬೇಕು. ನಮ್ಮಲ್ಲಿ ಈ ಪಟ್ಟಿಯ ಮೊದಲ ಹೆಸರು ನನ್ನದೇ ಆಗಿತ್ತು: ಮಗಳನ್ನು ಶಾಲೆಗೆ ಬಿಟ್ಟು ನಾನು ಬರುತ್ತಿದ್ದುದು ಒಂಬತ್ತೂಮುಕ್ಕಾಲಿಗೆ.

ಮೊದಲ ಹೆಜ್ಜೆ: ಹುದ್ದೆಯನ್ನು ಬದಿಗಿಟ್ಟು ಕೆಲಸವನ್ನು ಬಿಡಿಸಿ ನೋಡುವುದು

"ಆಪರೇಟರಿಗೆ ಆಗುವುದಿಲ್ಲ, ಆಫೀಸಿನವರಿಗೆ ಆಗುತ್ತದೆ" ಎಂದು ಹುದ್ದೆಯ ಹೆಸರು ನೋಡಿ ತೀರ್ಮಾನಿಸುವುದು ಎಲ್ಲ ಕಡೆ ಆಗುವ ಮೊದಲ ತಪ್ಪು. ಒಂದೇ ಹುದ್ದೆಯೊಳಗೆ ಜಾಗಕ್ಕೆ ಕಟ್ಟಿಬಿದ್ದ ಕೆಲಸವೂ ಇರುತ್ತದೆ, ಎಲ್ಲಿ ಕುಳಿತಾದರೂ ಮಾಡಬಹುದಾದ ಕೆಲಸವೂ ಇರುತ್ತದೆ. ಆದ್ದರಿಂದ ಪ್ರತಿ ವಿಭಾಗದವರೂ ಎರಡು ವಾರ ತಾವು ದಿನವೂ ಮಾಡಿದ ಕೆಲಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಪ್ರತಿ ಕೆಲಸಕ್ಕೂ ಮೂರು ಪ್ರಶ್ನೆ ಹಾಕಿ. ಇದನ್ನು ಇದೇ ಜಾಗದಲ್ಲಿ ಮಾಡಬೇಕೇ? ಇದೇ ಹೊತ್ತಿಗೆ ಮಾಡಬೇಕೇ? ಮಾಡುವಾಗ ಇನ್ನೊಬ್ಬರು ಎದುರಿಗೆ ಇರಬೇಕೇ?

ನಮ್ಮಲ್ಲಿ ಬಂದ ಉತ್ತರಗಳು ನನ್ನ ಎಣಿಕೆಯನ್ನು ಬದಲಿಸಿದವು. ಸಿಎನ್‌ಸಿ ಯಂತ್ರಕ್ಕೆ ಜಾಬ್ (ಕೆತ್ತಬೇಕಾದ ಲೋಹದ ತುಂಡು) ಕಟ್ಟುವುದು, ಮೊದಲ ಪೀಸ್ ತೆಗೆದು ಅಳತೆ ನೋಡುವುದು ಯಂತ್ರದ ಮುಂದೆಯೇ ಆಗಬೇಕಾದ ಕೆಲಸ. ಆದರೆ ಅದೇ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದನ್ನು, ಡ್ರಾಯಿಂಗ್ ಓದಿ ಯಾವ ಟೂಲ್ ಮೊದಲು, ಯಾವುದು ಆಮೇಲೆ ಎಂದು ಕ್ರಮ ಹಾಕುವುದನ್ನು ಮನೆಯಲ್ಲಿ ಕಂಪ್ಯೂಟರಿನ ಮುಂದೆ ಮಾಡಬಹುದು, ಮತ್ತು ಷಾಪಿನ (ಯಂತ್ರಗಳು ಓಡುವ ಜಾಗದ) ಗದ್ದಲದಲ್ಲಿ ಮಾಡುವುದಕ್ಕಿಂತ ಚೆನ್ನಾಗಿ ಮಾಡಬಹುದು. ಖರೀದಿ ವಿಭಾಗದವರು ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದು ನಾವೆಲ್ಲ ತಿಳಿದಿದ್ದೆವು. ಬರೆದಿಟ್ಟದ್ದು ನೋಡಿದರೆ, ಬಂದ ಮಾಲು ಇಳಿಸುವಾಗ ಚಲನ್ ತಾಳೆ ನೋಡುವುದಕ್ಕೆ ಅವರು ದಿನಕ್ಕೆ ಮೂರು ನಾಲ್ಕು ಸಲ ಗೋದಾಮಿಗೆ ಓಡುತ್ತಿದ್ದರು. ಲೆಕ್ಕಪತ್ರ ವಿಭಾಗದಲ್ಲಿ ಜಾಗಕ್ಕಿಂತ ತಾರೀಖು ಮುಖ್ಯ: ಪ್ರತಿ ತಿಂಗಳ 11 ಮತ್ತು 20ರ ಜಿಎಸ್‌ಟಿ ಗಡುವು ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಇದ್ದರೆ ಒಳ್ಳೆಯದು, ಉಳಿದ ದಿನಗಳಲ್ಲಿ ಯಾರು ಎಲ್ಲಿದ್ದರೂ ನಡೆಯುತ್ತದೆ. ಕುಲುಮೆಯ ಕೆಲಸದಲ್ಲಿ ಮಾತ್ರ ಸಡಿಲಿಕೆಗೆ ಎಡೆ ತೀರಾ ಕಡಿಮೆ. ಲೋಹ ಕರಗಿದ ಮೇಲೆ ಹೊಯ್ಯುವವರು, ಅಚ್ಚು ನೋಡಿಕೊಳ್ಳುವವರು ಎಲ್ಲರೂ ಅಲ್ಲಿಯೇ, ಅದೇ ಕ್ಷಣಕ್ಕೆ ಇರಬೇಕು.

ಈ ಎರಡು ವಾರದ ಬರವಣಿಗೆಯನ್ನು ಯಾರೂ ಬಿಡಬಾರದು. ಮುಂದಿನ ಎಲ್ಲ ವಾದಕ್ಕೂ ಆಧಾರ ಇದೇ.

ಎರಡನೆಯ ಹೆಜ್ಜೆ: ಏನು ಬೇಕು ಎಂದು ಜನರನ್ನೇ ಕೇಳುವುದು

ಒಂದು ಹಾಳೆ ಹಂಚಿ, ಗೆರೆ ಎಳೆದ ಜಾಗದಲ್ಲಿ ಗುರುತು ಹಾಕಿಸಿಕೊಂಡರೆ ಎಲ್ಲರೂ "ವರ್ಕ್ ಫ್ರಮ್ ಹೋಮ್ ಬೇಕು" ಎಂದು ಬರೆಯುತ್ತಾರೆ. ಕುಳಿತು ಮಾತನಾಡಿಸಿದರೆ ನಿಜವಾದ ಅಡಚಣೆ ಹೊರಗೆ ಬರುತ್ತದೆ. ಐದಾರು ಜನರ ಗುಂಪು ಮಾಡಿ, ಅವರ ಸೂಪರ್‌ವೈಸರ್ ಇಲ್ಲದ ಹೊತ್ತಿನಲ್ಲಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಿಸಿ. ಹೆಣ್ಣುಮಕ್ಕಳ ಜೊತೆ ಹೆಣ್ಣುಮಗಳೇ ಕುಳಿತು ಮಾತನಾಡಲಿ. "ನಿಮಗೆ ಏನು ಸವಲತ್ತು ಬೇಕು?" ಎಂದು ಕೇಳುವುದಕ್ಕಿಂತ "ಹೋದ ಮೂರು ತಿಂಗಳಲ್ಲಿ ಯಾವ ದಿನ ತಡ ಆಯಿತು, ಯಾತಕ್ಕೆ?" ಎಂದು ಕೇಳುವುದು ಮೇಲು.

ನಮಗೆ ಸಿಕ್ಕ ಉತ್ತರಗಳಲ್ಲಿ ಮನೆಯಿಂದ ಕೆಲಸ ಬೇಕೆಂದವರು ಕಡಿಮೆ. ನೀರು ಬರುವ ದಿನ, ಶಾಲೆಯ ವ್ಯಾನು, ಬೈಲಹೊಂಗಲದ ಕಡೆಯಿಂದ ಬರುವ ಬಸ್ಸು ತುಂಬಿ ನಿಲ್ಲಿಸದೆ ಹೋಗುವುದು, ವಯಸ್ಸಾದ ತಂದೆಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಕರೆದೊಯ್ಯುವುದು ಇತ್ಯಾದಿ ಬಂದವು. ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ಹೊಲದ ಕೆಲಸ. ನಮ್ಮ ಆಪರೇಟರ್‌ಗಳಲ್ಲಿ ಬಹಳ ಮಂದಿ ಹಳ್ಳಿಯಿಂದ ಬಂದುಹೋಗುವವರು. ಎರಡು ಎಕರೆಯೋ ಮೂರು ಎಕರೆಯೋ ಜಮೀನು ಮನೆಯಲ್ಲಿದೆ. ಖಾನಾಪುರದ ಕಡೆಯವರಿಗೆ ಮಳೆ ಹಿಡಿದಾಗ ಭತ್ತದ ನಾಟಿ, ಹುಕ್ಕೇರಿ, ಗೋಕಾಕದ ಕಡೆಯವರಿಗೆ ಕಬ್ಬಿನ ಕಟಾವು. ಕಟಾವಿನ ಗ್ಯಾಂಗ್ ಯಾವ ದಿನ ನಮ್ಮ ಹೊಲಕ್ಕೆ ಬರುತ್ತದೆ ಎಂಬುದು ಎರಡು ದಿನ ಮೊದಲು ಮಾತ್ರ ಗೊತ್ತಾಗುತ್ತದೆ. ಬಂದ ದಿನ ಮನೆಯ ಗಂಡಸು ಅಲ್ಲಿ ನಿಲ್ಲದಿದ್ದರೆ ವರ್ಷದ ಬೆಳೆ ಒಣಗುತ್ತದೆ. ಇಷ್ಟು ದಿನ ಇವರೆಲ್ಲ "ಹೊಟ್ಟಿ ನೋವು" ಎಂದು ಫೋನು ಮಾಡಿ ಸೂಟಿ ಹಾಕುತ್ತಿದ್ದರು, ನಾವು ಅವರಿಗೆ ಬೇಜವಾಬ್ದಾರರೆಂಬ ಹಣೆಪಟ್ಟಿ ಹಚ್ಚುತ್ತಿದ್ದೆವು.

ಮೂರನೆಯ ಹೆಜ್ಜೆ: ಕಾನೂನಿನ ಬೇಲಿ ತಿಳಿದುಕೊಳ್ಳುವುದು

ವೇಳೆಯನ್ನು ಸಡಿಲಿಸುವಾಗ ಕಾರ್ಮಿಕರ ರಕ್ಷಣೆ ಸಡಿಲವಾಗಬಾರದು. ವಾರಕ್ಕೆ 48 ಗಂಟೆಯ ಮಿತಿ, ಅದನ್ನು ಮೀರಿ ದುಡಿಸಿದರೆ ದುಪ್ಪಟ್ಟು ದರದ ಓಟಿ: 1948ರ ಕಾರ್ಖಾನೆ ಕಾಯ್ದೆಯಿಂದ ನಮಗೆ ಪರಿಚಿತವಾದ ಈ ಎರಡು ಸೂತ್ರಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಉಳಿದಿವೆ. ವಾರದ ರಜೆಯೂ ಹಾಗೆಯೇ. ಪಾಳಿಯ ವೇಳೆಯನ್ನು ಬದಲಿಸುವ ಮುನ್ನ ಕಾರ್ಮಿಕರಿಗೆ 21 ದಿನಗಳ ನೋಟಿಸ್ ಕೊಡಬೇಕಾದ ಸಂದರ್ಭಗಳಿವೆ. ಯೂನಿಯನ್ ಇದ್ದರೆ ಅವರೊಂದಿಗೆ ಮೊದಲೇ ಕುಳಿತು ಮಾತನಾಡುವುದು ಕಾನೂನಿಗೂ ಒಳ್ಳೆಯದು, ಸಂಬಂಧಕ್ಕೂ ಒಳ್ಳೆಯದು. ಹೆಣ್ಣುಮಕ್ಕಳನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ಕ್ಕೆ ಮೊದಲು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಷರತ್ತುಗಳನ್ನು ಪಾಲಿಸಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ 26 ವಾರಗಳ ರಜೆಯ ಜೊತೆಗೆ, ಕೆಲಸದ ಸ್ವರೂಪ ಒಪ್ಪುವುದಾದರೆ ರಜೆ ಮುಗಿದ ಮೇಲೂ ಪರಸ್ಪರ ಒಪ್ಪಂದದಿಂದ ಮನೆಯಿಂದ ದುಡಿಯುವ ಅವಕಾಶ ಬಂತು; 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಕೂಸಿನಮನೆಯ ವ್ಯವಸ್ಥೆ ಇರಬೇಕೆಂಬುದೂ ಬಂತು. ಹೊಸ ಬಾಣಂತಿಯರ ವಿಷಯದಲ್ಲಿ ಇದನ್ನು ನೀವಾಗಿಯೇ ಹೇಳಿ; ಅವರು ಕೇಳಲಿ ಎಂದು ಕಾಯಬೇಡಿ.

ಇಲ್ಲಿ ನನ್ನ ಒಂದು ಸ್ವಂತ ಅಭಿಪ್ರಾಯ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ಕಾರ್ಮಿಕರ ಲಿಖಿತ ಒಪ್ಪಿಗೆಯ ಮೇಲೆ ದಿನಕ್ಕೆ 12 ಗಂಟೆಯವರೆಗೆ ದುಡಿಸಿ ವಾರಕ್ಕೆ ಹೆಚ್ಚು ದಿನ ಬಿಡುವು ಕೊಡುವ ದಾರಿ ತೆರೆದಾಗ, ಕೆಲವು ಮಾಲಕರು ಅದನ್ನೇ ದೊಡ್ಡ ಸಡಿಲಿಕೆಯೆಂದು ಮಾತನಾಡಿದ್ದರು. ಕಂಪ್ಯೂಟರಿನ ಮುಂದೆ ಕೂರುವವರಿಗೆ ಅದು ಒಗ್ಗಬಹುದು. ಲೇಥಿನ ಮುಂದೆ ನಿಂತು, ಬಿಸಿ ಚೂರು ಸಿಡಿಯುವ ಜಾಗದಲ್ಲಿ ಕೆಲಸ ಮಾಡುವವನಿಗೆ ಹತ್ತನೆಯ ಗಂಟೆಯಲ್ಲಿ ಕೈ ತಡವರಿಸುತ್ತದೆ, ಕಣ್ಣು ಜಡವಾಗುತ್ತದೆ. ಷಾಪಿನಲ್ಲಿ ಅದನ್ನು ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ಯಾರಿಗೆ ಯಾವ ಬಗೆಯ ಸಡಿಲಿಕೆ

ಆಫೀಸಿನವರಿಗೆ ಜಾರುವ ವೇಳೆ, ಅಂದರೆ ಬರುವ ಹೋಗುವ ಹೊತ್ತನ್ನು ಒಂದು ಮಿತಿಯೊಳಗೆ ತಾವೇ ಆರಿಸಿಕೊಳ್ಳುವುದು, ಸುಲಭವಾದದ್ದು, ಅದರಿಂದಲೇ ಆರಂಭಿಸಿ. ಈ ಪದ್ಧತಿ ಹುಟ್ಟಿದ್ದೂ ಒಂದು ಕಾರ್ಖಾನೆಯ ಗೇಟಿನಲ್ಲಿಯೇ: 1967ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ವಿಮಾನ ತಯಾರಿಕಾ ಕಂಪನಿಯೊಂದು, ಎಲ್ಲರೂ ಒಂದೇ ಹೊತ್ತಿಗೆ ಬರುವುದರಿಂದ ರಸ್ತೆಯಲ್ಲಿ ಆಗುತ್ತಿದ್ದ ನೂಕುನುಗ್ಗಲು ತಪ್ಪಿಸಲು ಇದನ್ನು ತಂದಿತು. ನಮ್ಮಲ್ಲಿ ಬೆಳಿಗ್ಗೆ 7:30ರಿಂದ 10:30ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಬಂದ ಹೊತ್ತಿನಿಂದ ಅರ್ಧ ಗಂಟೆಯ ಊಟದ ಬಿಡುವು ಸೇರಿ ಎಂಟೂವರೆ ಗಂಟೆಗೆ ಹೋಗಬಹುದು. 10:30ರಿಂದ 4ರವರೆಗೆ ಎಲ್ಲರೂ ಇರಬೇಕು. ಮೀಟಿಂಗು, ಗಿರಾಕಿಗಳ ಭೇಟಿ ಎಲ್ಲ ಈ ಹೊತ್ತಿನಲ್ಲಿಯೇ. ಕೊನೆಯ ವೇಳೆಯನ್ನು 10:30ಕ್ಕೆ ನಿಲ್ಲಿಸಿದ್ದಕ್ಕೆ ಕಾರಣವಿದೆ: ಅದಕ್ಕಿಂತ ತಡವಾಗಿ ಬಂದರೆ ಹೋಗುವುದು ಸಂಜೆ 7 ದಾಟುತ್ತದೆ, ಹೆಣ್ಣುಮಕ್ಕಳಿಗೆ ಬೇರೆ ವ್ಯವಸ್ಥೆ ಮಾಡಬೇಕಾಗುತ್ತದೆ.

ಷಾಪಿನವರಿಗೆ ಜಾರುವ ವೇಳೆ ನಡೆಯುವುದಿಲ್ಲ. ಅಲ್ಲಿ ಪಾಳಿ ಅದಲುಬದಲು ಮಾಡಿಕೊಳ್ಳುವ ಅವಕಾಶವೇ ದೊಡ್ಡದು. ನಮ್ಮಲ್ಲಿ ಮೊದಲ ಪಾಳಿ 7ರಿಂದ 3:30, ಎರಡನೆಯದು 3:30ರಿಂದ ರಾತ್ರಿ 12. ಒಂದೇ ಯಂತ್ರ ಬಲ್ಲ ಇಬ್ಬರು ಆಪರೇಟರ್‌ಗಳು ತಮ್ಮಲ್ಲಿಯೇ ಮಾತಾಡಿಕೊಂಡು ಪಾಳಿ ಬದಲಿಸಿಕೊಳ್ಳಬಹುದು. ಇದಕ್ಕೆ ಒಂದು ಬದಲಿ ಚೀಟಿ ಮಾಡಿದ್ದೇವೆ, ಅಂಗೈ ಅಗಲದ ಹಳದಿ ಕಾಗದ: ಇಬ್ಬರ ಹೆಸರು, ಯಂತ್ರದ ನಂಬರು, ತಾರೀಖು, ಇಬ್ಬರ ಸಹಿ. ಒಂದು ದಿನ ಮೊದಲು ಸೂಪರ್‌ವೈಸರ್ ಟೇಬಲ್ಲಿನ ಮೇಲಿನ ಡಬ್ಬಿಯಲ್ಲಿ ಹಾಕಿದರೆ ಮುಗಿಯಿತು. ಕಾರಣ ಬರೆಯುವ ಜಾಗವನ್ನು ಚೀಟಿಯಲ್ಲಿ ಬೇಕೆಂದೇ ಇಟ್ಟಿಲ್ಲ. ಕಾರಣ ಕೇಳಿದರೆ ಮತ್ತೆ ಹೊಟ್ಟೆ ನೋವು ಆರಂಭವಾಗುತ್ತದೆ. ಕಟ್ಟುಪಾಡು ಎರಡು ಮಾತ್ರ. ಒಬ್ಬನೇ ಎರಡು ಪಾಳಿ ಒಂದರ ಹಿಂದೊಂದು ಮಾಡುವಂತಿಲ್ಲ, ರಾತ್ರಿ 12ಕ್ಕೆ ಬಿಟ್ಟವನು ಮರುದಿನ ಬೆಳಿಗ್ಗೆ 7ರ ಪಾಳಿಗೆ ಬರುವಂತಿಲ್ಲ. ಬದಲಿ ಸುಲಭವಾಗಬೇಕಾದರೆ ಪ್ರತಿ ಯಂತ್ರವನ್ನೂ ಕನಿಷ್ಠ ಮೂವರು ಬಲ್ಲವರಿರಬೇಕು. ಆದ್ದರಿಂದ ಪಾಳಿ ಬದಲಿಯ ಜೊತೆಗೆ ಕಲಿಸುವ ಕೆಲಸವನ್ನೂ ಹಚ್ಚಿಕೊಳ್ಳಿ. ನಮಗೆ ಇದರಿಂದ ಆದ ಲಾಭ, ಒಬ್ಬನೇ ಬಲ್ಲ ಯಂತ್ರ ಎಂಬುದು ಈಗ ನಮ್ಮಲ್ಲಿ ಒಂದೂ ಇಲ್ಲ.

ಹೊಲದ ಕೆಲಸಕ್ಕೆ ಗಂಟೆಗಳ ಲೆಕ್ಕ ಸಾಲದು, ದಿನಗಳೇ ಬೇಕು. ಹಕ್ಕಿನ ರಜೆಯಲ್ಲಿ ಆರು ದಿನಗಳನ್ನು "ಹೊಲದ ಸೂಟಿ" ಎಂದು ತೆಗೆದಿಟ್ಟು, ಎರಡು ದಿನ ಮೊದಲು ತಿಳಿಸಿದರೆ ಸಾಕು ಎಂದು ಮಾಡಿದ್ದೇವೆ. ಜಮೀನು ಇಲ್ಲದವರು ಅದೇ ಆರು ದಿನಗಳನ್ನು ಬೇರೆ ಕೆಲಸಕ್ಕೆ ಬಳಸಬಹುದು. ಒಂದೇ ದಿನ ಒಂದು ವಿಭಾಗದಿಂದ ಎಷ್ಟು ಜನ ಹೋಗಬಹುದು ಎಂಬ ಮಿತಿ ಮೊದಲೇ ಗೋಡೆಯ ಮೇಲಿರುತ್ತದೆ. ನಾಗರಪಂಚಮಿಗೆ ತವರಿಗೆ ಹೋಗುವವರು, ಸವದತ್ತಿಯ ಜಾತ್ರೆಗೆ ಹೋಗುವವರು, ಗಣಪತಿ ಕಳಿಸುವ ರಾತ್ರಿಯ ಮೆರವಣಿಗೆ ಮರುದಿನದವರೆಗೂ ನಡೆಯುವುದರಿಂದ ಬೆಳಿಗ್ಗೆ ಬರಲಾಗದವರು, ಇವರೆಲ್ಲರ ಲೆಕ್ಕ ವರ್ಷದ ಆರಂಭದಲ್ಲಿಯೇ ಪಂಚಾಂಗ ಎದುರಿಗಿಟ್ಟುಕೊಂಡು ಹಾಕಬಹುದು. ಹೆಸ್ಕಾಂನವರು ದುರಸ್ತಿಗಾಗಿ ದಿನವಿಡೀ ಕರೆಂಟು ತೆಗೆಯುವುದಾಗಿ ಪ್ರಕಟಣೆ ಕೊಟ್ಟಾಗ, ಅಂದು ಖಾಲಿ ಕೂರಿಸುವ ಬದಲು ಆ ದಿನವನ್ನು ವಾರದ ರಜೆಯ ಜೊತೆ ಅದಲುಬದಲು ಮಾಡಿಕೊಳ್ಳುವ ಪ್ರಸ್ತಾಪವನ್ನು ಕಾರ್ಮಿಕರ ಮುಂದಿಡಿ.

ಮನೆಯಿಂದ ಕೆಲಸ ಮಾಡುವುದು ಪ್ರೋಗ್ರಾಂ ಬರೆಯುವವರು, ಡಿಸೈನ್, ಲೆಕ್ಕಪತ್ರ, ಕೊಟೇಶನ್ ಮಾಡುವವರಿಗೆ ವಾರಕ್ಕೆ ಎರಡು ದಿನದವರೆಗೆ ಸಾಕು. ಪೂರ್ತಿ ವಾರ ಬೇಡ ಎನ್ನಲು ನನಗೆ ಆಧಾರವಿದೆ. ಚೀನಾದ ಶಾಂಘೈನಲ್ಲಿ ಸಿಟ್ರಿಪ್ ಎಂಬ ಪ್ರವಾಸ ಕಂಪನಿ 2010-11ರಲ್ಲಿ ತನ್ನ ಕಾಲ್ ಸೆಂಟರ್ ನೌಕರರನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಿ ನೋಡಿದಾಗ ಕೆಲಸ 13 ಶೇಕಡ ಹೆಚ್ಚಾಯಿತು. ಆದರೂ ಪ್ರಯೋಗ ಮುಗಿದ ಮೇಲೆ ಅವರಲ್ಲಿ ಸುಮಾರು ಅರ್ಧದಷ್ಟು ಜನ, ಒಂಟಿತನ ತಾಳಲಾರದೆ, ಆಫೀಸಿಗೆ ಮರಳಿದರು. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಕಣ್ಣಿಗೆ ಕಾಣದವರನ್ನು ಮರೆಯುವುದು ಮ್ಯಾನೇಜರರ ಸ್ವಭಾವ. ಅದೇ ಕಂಪನಿ ಮುಂದೆ 1,600ಕ್ಕೂ ಹೆಚ್ಚು ನೌಕರರ ಮೇಲೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವುದನ್ನು ಪರೀಕ್ಷಿಸಿದಾಗ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು.

ಮನೆಯಿಂದ ದುಡಿಯುವವರಿಗೆ ಲ್ಯಾಪ್‌ಟಾಪು, ಇಂಟರ್ನೆಟ್ಟಿನ ಖರ್ಚು, ಇನ್ವರ್ಟರ್ ಇಲ್ಲದ ಮನೆಯಾದರೆ ಒಂದು ಸಣ್ಣ ಯುಪಿಎಸ್ ಕಂಪನಿಯೇ ಕೊಡಬೇಕು. ಗಿರಾಕಿಯ ಡ್ರಾಯಿಂಗುಗಳು ವಾಟ್ಸಾಪಿನಲ್ಲಿ ಓಡಾಡಬಾರದು.

ಐದನೆಯ ಹೆಜ್ಜೆ: ಒಂದೇ ಪುಟದಲ್ಲಿ ಬರೆದು ಗೋಡೆಗೆ ಹಚ್ಚುವುದು

ಹತ್ತು ಪುಟದ ಇಂಗ್ಲಿಷ್ ಪಾಲಿಸಿಯನ್ನು ಯಾರೂ ಓದುವುದಿಲ್ಲ. ಒಂದು ಪುಟ, ಕನ್ನಡ ಮತ್ತು ಮರಾಠಿ, ದೊಡ್ಡ ಅಕ್ಷರ. ನಮ್ಮ ನೋಟಿಸಿನ ಒಂದು ಭಾಗ ಹೀಗಿದೆ:

"ಆಫೀಸಿನ ಎಲ್ಲ ನೌಕರರು ಬೆಳಿಗ್ಗೆ 7:30ರಿಂದ 10:30ರೊಳಗೆ ತಮಗೆ ಅನುಕೂಲವಾದ ವೇಳೆಗೆ ಬರಬಹುದು. ಇದಕ್ಕೆ ಅನುಮತಿ ಬೇಕಿಲ್ಲ. ಮನೆಯಿಂದ ಕೆಲಸ ಮಾಡಲು ಹಿಂದಿನ ದಿನ 4 ಗಂಟೆಯೊಳಗೆ ತಿಳಿಸಬೇಕು. ಬೇಡವೆಂದರೆ ಮೇಲಧಿಕಾರಿ ಅದೇ ದಿನ ಕಾರಣವನ್ನು ಬರೆದು ಕೊಡಬೇಕು. ಈ ಸವಲತ್ತು ಬಳಸಿದ ಕಾರಣಕ್ಕೆ ಯಾರ ಪಗಾರ, ಬೋನಸ್, ಬಡ್ತಿ ಕಡಿಮೆಯಾಗುವುದಿಲ್ಲ."

ಬೇಡ ಎನ್ನುವವರು ಕಾರಣ ಬರೆಯಬೇಕು ಎಂಬ ಸಾಲು ಈ ನೋಟಿಸಿನ ಜೀವಾಳ. ಬರೆಯಬೇಕಾದಾಗ ಅರ್ಧದಷ್ಟು ನಿರಾಕರಣೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಬರೆದ ಕಾರಣ ಒಪ್ಪಿಗೆಯಾಗದಿದ್ದರೆ ನೌಕರರು ಯಾರ ಹತ್ತಿರ ಹೋಗಬೇಕು ಎಂಬುದನ್ನೂ ನೋಟಿಸಿನ ಕೆಳಗೆ ಬರೆಯಿರಿ. ಅದು ನಿರಾಕರಿಸಿದವರೇ ಆಗಿರಬಾರದು.

ನೋಟಿಸ್ ಹಚ್ಚುವ ಮೊದಲು ಹಾಜರಿ ಯಂತ್ರದ ಮತ್ತು ಪಗಾರದ ಸಾಫ್ಟ್‌ವೇರಿನ ಲೆಕ್ಕವನ್ನು ಬದಲಿಸಿ. ನಾವು ಇದನ್ನು ಮರೆತೆವು. ಎಲ್ಲರಿಗೂ ಹೇಳಿ, ಚಹಾ ಹಂಚಿ, ಸಡಿಲ ವೇಳೆ ಆರಂಭಿಸಿದ ತಿಂಗಳೇ ಸಾಫ್ಟ್‌ವೇರಿನಲ್ಲಿ ಹಳೆಯ 9:10ರ ಗೆರೆ ಹಾಗೆಯೇ ಇದ್ದುದರಿಂದ, ನಮ್ಮ ಮಾತು ನಂಬಿ ತಡವಾಗಿ ಬಂದ ಒಂಬತ್ತು ಜನರ ಪಗಾರ ಕಡಿತವಾಯಿತು. ಎರಡೇ ದಿನದಲ್ಲಿ ತಿದ್ದಿ ಹಣ ಕೊಟ್ಟೆವು. ಆದರೂ ಮುಂದಿನ ತಿಂಗಳಿಡೀ ಆ ಒಂಬತ್ತೂ ಜನ ಒಂಬತ್ತಕ್ಕೆ ಐದು ನಿಮಿಷ ಮೊದಲೇ ಯಂತ್ರದ ಮುಂದೆ ಸಾಲಾಗಿ ನಿಂತಿರುತ್ತಿದ್ದರು.

ಆರನೆಯ ಹೆಜ್ಜೆ: ಸೂಪರ್‌ವೈಸರ್‌ಗಳನ್ನು ಜೊತೆಗೆ ತೆಗೆದುಕೊಳ್ಳುವುದು

ಇಡೀ ಕೆಲಸದಲ್ಲಿ ಕಠಿಣವಾದದ್ದು ಇದು. ಇಪ್ಪತ್ತು ವರ್ಷ ಷಾಪಿನಲ್ಲಿ ನಿಂತು ಮೇಲೆ ಬಂದ ಸೂಪರ್‌ವೈಸರ್‌ಗೆ ಕಣ್ಣೆದುರು ಮಂದಿ ಇದ್ದರೆ ಕೆಲಸ ನಡೆದಿದೆ ಎಂಬ ಧೈರ್ಯ. ಗೇಟ್ ಪಾಸ್ ಕೊಡುವ, ಕೊಡದಿರುವ ಅಧಿಕಾರ ಕೈ ತಪ್ಪಿದರೆ ತನ್ನ ಮಾತು ಯಾರು ಕೇಳುತ್ತಾರೆ ಎಂಬ ಆತಂಕವೂ ಸಹಜವಾದದ್ದೇ. ನಮ್ಮ ಒಬ್ಬ ಹಿರಿಯ ಸೂಪರ್‌ವೈಸರ್ ಮೀಟಿಂಗಿನಲ್ಲಿ ಎದ್ದು ನಿಂತು, "ಸರ, ನಾಳೆ ಡಿಸ್‌ಪ್ಯಾಚ್ ತಪ್ಪಿದ್ರ ಫೋನ್ ನನಗ ಬರತೈತಿ, ಈ ಹಳದಿ ಚೀಟಿಗೆ ಬರೂದಿಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಆದ್ದರಿಂದ ಅವರ ಹೊಣೆಯ ಲೆಕ್ಕವನ್ನೂ ಬದಲಿಸಬೇಕು. ಪ್ರತಿ ಸೋಮವಾರ ವಾರದ ಗುರಿಯನ್ನು ವಿಭಾಗದವರೊಂದಿಗೆ ಕುಳಿತು ಬರೆಯುವುದು, ಶನಿವಾರ ನೋಡುವುದು: ಎಷ್ಟು ಪೀಸು, ಎಷ್ಟು ರಿಜೆಕ್ಷನ್, ಯಾವ ಡಿಸ್‌ಪ್ಯಾಚ್ ತಡ. ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದು ಆ ಹಾಳೆಯಲ್ಲಿ ಇರುವುದಿಲ್ಲ. ಡಿಸ್‌ಪ್ಯಾಚಿನ ಹಿಂದಿನ ದಿನ ಪಾಳಿ ಬದಲಿಯನ್ನು ತಡೆಯುವ ಅಧಿಕಾರವನ್ನು ಸೂಪರ್‌ವೈಸರ್ ಕೈಯಲ್ಲಿಯೇ ಬಿಟ್ಟೆವು, ತಿಂಗಳಿಗೆ ಮೂರು ದಿನದ ಮಿತಿಯೊಂದಿಗೆ. ಸೂಪರ್‌ವೈಸರ್‌ಗಳಿಗೂ ಇದೇ ಸವಲತ್ತು ಸಿಗಬೇಕು. ಮೇಲೆ ಹೇಳಿದ ಹಿರಿಯರು ಮೊದಲ ಸಲ ಪಾಳಿ ಬದಲಿಸಿಕೊಂಡು ಮೊಮ್ಮಗಳ ಶಾಲೆಯ ಗ್ಯಾದರಿಂಗಿಗೆ ಹೋಗಿ ಬಂದ ಮೇಲೆ, ಚೀಟಿಯ ಡಬ್ಬಿಗೆ ತಾವೇ ಬೀಗ ತಂದು ಹಾಕಿದರು, ಯಾರೂ ಬೇರೆಯವರ ಚೀಟಿ ತೆಗೆದು ನೋಡಬಾರದೆಂದು.

ಏಳನೆಯ ಹೆಜ್ಜೆ: ಮೂರು ತಿಂಗಳ ಪ್ರಯೋಗ

ಮಾರ್ಚ್ ತಿಂಗಳು ಬೇಡ, ವರ್ಷಾಂತ್ಯದ ಒತ್ತಡವಿರುತ್ತದೆ. ಕಬ್ಬು ನುರಿಸುವ ಹಂಗಾಮು ತುರುಸಾಗಿರುವಾಗಲೂ ಆರಂಭಿಸಬೇಡಿ. ಮಳೆಗಾಲ ತಗ್ಗುವ ಸೆಪ್ಟೆಂಬರಿನಲ್ಲಿ ನಾವು ಒಂದು ಷಾಪಿನ ವಿಭಾಗ, ಒಂದು ಆಫೀಸಿನ ವಿಭಾಗ ಎರಡನ್ನೂ ಒಟ್ಟಿಗೆ ತೆಗೆದುಕೊಂಡೆವು. ಆಫೀಸಿನಿಂದ ಮಾತ್ರ ಆರಂಭಿಸಿದರೆ "ಪ್ಯಾಂಟು ಶರ್ಟಿನವರಿಗೆ ಮಾತ್ರ" ಎಂಬ ಮಾತು ಷಾಪಿನಲ್ಲಿ ಒಂದು ಸಲ ಹುಟ್ಟಿತೆಂದರೆ ಅದನ್ನು ಅಳಿಸುವುದು ಕಷ್ಟ.

ಆರಂಭಕ್ಕೆ ಮುನ್ನಿನ ಮೂರು ತಿಂಗಳ ಲೆಕ್ಕ ತೆಗೆದಿಡಿ: ತಿಳಿಸದೆ ಗೈರುಹಾಜರಾದ ದಿನಗಳು, ರಿಜೆಕ್ಷನ್, ತಡವಾದ ಡಿಸ್‌ಪ್ಯಾಚ್, ಓಟಿ, ಕೆಲಸ ಬಿಟ್ಟವರು. ಪ್ರಯೋಗದ ಕೊನೆಗೆ ಅದೇ ಐದನ್ನು ಹೋಲಿಸಿ. ನಮ್ಮಲ್ಲಿ ಎದ್ದು ಕಂಡ ಬದಲಾವಣೆ, ಬೆಳಿಗ್ಗೆ ಫೋನು ಮಾಡಿ ಹಾಕುವ ಸೂಟಿಗಳು ಕಡಿಮೆಯಾದದ್ದು. ರಿಜೆಕ್ಷನ್ನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ, ಮತ್ತು ಮಾಲಕರಿಗೆ ನಾನು ಹಾಗೆಯೇ ಹೇಳಿದೆ. ಅಂಕಿಗಳ ಜೊತೆಗೆ ಯಾರು ಸವಲತ್ತು ಬಳಸಲೇ ಇಲ್ಲ ಎಂಬುದನ್ನೂ ನೋಡಿ. ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ಮೂರು ತಿಂಗಳಲ್ಲಿ ಒಂದೂ ಚೀಟಿ ಹಾಕಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಅವರು ಗುತ್ತಿಗೆದಾರರ ಮೂಲಕ ಬಂದವರು, ನೋಟಿಸ್ ತಮಗೆ ಅಲ್ಲವೆಂದು ತಿಳಿದಿದ್ದರು. ಗುತ್ತಿಗೆದಾರರೊಂದಿಗೆ ಕುಳಿತು, ಅವರಿಗೂ ಬದಲಿ ಚೀಟಿ ಅನ್ವಯವಾಗುವಂತೆ ಕರಾರಿನಲ್ಲಿ ಸೇರಿಸಲು ಇನ್ನೂ ಎರಡು ತಿಂಗಳು ಹಿಡಿಯಿತು. ನೀವು ಇದನ್ನು ಮೊದಲ ದಿನವೇ ಮಾಡಿ.

ಎಂಟನೆಯ ಹೆಜ್ಜೆ: ದುರುಪಯೋಗ, ಹಿಂತೆಗೆತ, ಮರುಪರಿಶೀಲನೆ

ದುರುಪಯೋಗವಾಗುವುದಿಲ್ಲವೇ ಎಂದು ಎಲ್ಲ ಮಾಲಕರೂ ಕೇಳುತ್ತಾರೆ. ಆಗುತ್ತದೆ, ಒಬ್ಬಿಬ್ಬರಿಂದ. ಅವರನ್ನು ಕರೆದು ಮಾತನಾಡಿ, ಬರೆದು ಎಚ್ಚರಿಸಿ, ಆಮೇಲೂ ತಿದ್ದಿಕೊಳ್ಳದಿದ್ದರೆ ಅವರೊಬ್ಬರ ಸವಲತ್ತನ್ನು ಎರಡು ತಿಂಗಳ ಮಟ್ಟಿಗೆ ನಿಲ್ಲಿಸಿ. ಒಬ್ಬರ ತಪ್ಪಿಗೆ ಇಡೀ ವಿಭಾಗದ ಸವಲತ್ತು ತೆಗೆಯಬೇಡಿ. ಮನೆಯಿಂದ ದುಡಿಯುವವರ ಕಂಪ್ಯೂಟರಿನಲ್ಲಿ ಕ್ಯಾಮೆರಾ ಹಚ್ಚಿ ಕಾಯುವ ಸಾಫ್ಟ್‌ವೇರ್ ಮಾರುವವರು ನಿಮ್ಮ ಬಾಗಿಲಿಗೂ ಬರುತ್ತಾರೆ, ಅದನ್ನು ಕೊಳ್ಳಬೇಡಿ. ಸೋಮವಾರದ ಗುರಿ, ಶನಿವಾರದ ಲೆಕ್ಕ ಸರಿಯಾಗಿ ನಡೆದರೆ ಅದರ ಅಗತ್ಯ ಬೀಳುವುದಿಲ್ಲ. ಇನ್ನೊಂದು ಬದಿಯ ದುರುಪಯೋಗವೂ ಇದೆ: ಮನೆಯಲ್ಲಿದ್ದಾರೆಂದು ರಾತ್ರಿ ಒಂಬತ್ತಕ್ಕೆ ಕೊಟೇಶನ್ ಕೇಳುವ ಮ್ಯಾನೇಜರ್. ಸಂಜೆ 7ರ ಮೇಲೆ ಬಂದ ಫೋನಿಗೆ ಉತ್ತರಿಸಬೇಕಿಲ್ಲ ಎಂಬ ಸಾಲನ್ನು ನಮ್ಮ ಎರಡನೆಯ ನೋಟಿಸಿನಲ್ಲಿ ಸೇರಿಸಬೇಕಾಯಿತು.

ಆರ್ಡರ್ ಒತ್ತಡ ಬಂದು ಸವಲತ್ತನ್ನು ಕೆಲ ಕಾಲ ತಡೆಯಬೇಕಾದರೆ ಎಷ್ಟು ದಿನಕ್ಕೆ, ಯಾತಕ್ಕೆ ಎಂಬುದನ್ನು ತಾರೀಖಿನ ಸಮೇತ ಬರೆದು ಹಚ್ಚಿ, ಆ ತಾರೀಖಿಗೆ ನೋಟಿಸನ್ನು ನೀವೇ ಕಿತ್ತು ತೆಗೆಯಿರಿ. ವರ್ಷಕ್ಕೆ ಎರಡು ಸಲ, ದಸರೆಯ ಮುಂದೆ ಮತ್ತು ಮಳೆಗಾಲದ ಮುಂದೆ, ಎರಡನೆಯ ಹೆಜ್ಜೆಯ ಮಾತುಕತೆಯನ್ನು ಮತ್ತೆ ನಡೆಸಿ, ಏಕೆಂದರೆ ಮಕ್ಕಳ ಶಾಲೆ, ಬಸ್ಸಿನ ವೇಳೆ, ನೀರು ಬಿಡುವ ದಿನ ಬದಲಾಗುತ್ತಿರುತ್ತವೆ. ಕಳೆದ ಸಲದ ಮಾತುಕತೆಯಲ್ಲಿ, ನೀರಿನ ಪ್ರಸಂಗದಿಂದ ಇದನ್ನೆಲ್ಲ ಆರಂಭಿಸಿದ ಲೆಕ್ಕಪತ್ರ ವಿಭಾಗದ ಆ ಹೆಣ್ಣುಮಗಳು ಒಂದು ಸಲಹೆ ಕೊಟ್ಟರು: ನೋಟಿಸ್ ಬೋರ್ಡಿನಲ್ಲಿ ಯಾವ ಓಣಿಗೆ ಯಾವ ದಿನ ನೀರು ಎಂಬ ಪಟ್ಟಿ ಹಚ್ಚಿದರೆ, ಒಂದೇ ವಿಭಾಗದ ಇಬ್ಬರು ಒಂದೇ ದಿನ ತಡವಾಗಿ ಬರುವುದು ಮೊದಲೇ ಗೊತ್ತಾಗುತ್ತದೆ ಎಂದು. ಆ ಪಟ್ಟಿಯನ್ನು ಈಗ ಪ್ರತಿ ಸೋಮವಾರ ಅವರೇ ಬರೆದು ಹಚ್ಚುತ್ತಾರೆ, ವಾರದ ಗುರಿಯ ಹಾಳೆಯ ಪಕ್ಕದಲ್ಲಿ.